ಟೋ ಬಾರ್ ಕಟ್ಟಿ ಎಳೆದು ತಂದ ಜಿಪ್ಸಿಯ ಗೇರ್‌ಬಾಕ್ಸ್ ಹಾಳಾದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ವಾಹನ ಸಾಗಣೆ ಮತ್ತು ಟೋಯಿಂಗ್ ಸೇವೆ,
ಕಲಬುರಗಿ ಶಾಖೆ.

ವಿಷಯ: ಹುಬ್ಬಳ್ಳಿಯಿಂದ ಕಲಬುರಗಿಗೆ ಫ್ಲಾಟ್‌ಬೆಡ್ ಲಾರಿಯಲ್ಲಿ ತರಬೇಕಿದ್ದ ಫೋರ್ ವೀಲ್ ಡ್ರೈವ್ ವಾಹನವನ್ನು ಟೋ ಬಾರ್ ಕಟ್ಟಿ ಎಳೆದು ತಂದು ಹಾಳು ಮಾಡಿದ್ದರ ಬಗ್ಗೆ.

ಮಾನ್ಯರೇ,

ನನ್ನ ಸೋದರಮಾವನವರಿಂದ ನಾನು ಕೊಂಡ 1998ರ ಮಾರುತಿ ಜಿಪ್ಸಿ ಕಿಂಗ್ ಹಾರ್ಡ್ ಟಾಪ್ ವಾಹನವನ್ನು ಹುಬ್ಬಳ್ಳಿಯಿಂದ ಕಲಬುರಗಿಗೆ ತರಿಸಲು ಕಳೆದ ಜೂನ್ ತಿಂಗಳಲ್ಲಿ ನಿಮ್ಮ ಶಾಖೆಗೆ ಬಂದು ಪೂರ್ತಿ ಹಣ ಕಟ್ಟಿದ್ದೆ. ಹೆಡ್ ಗ್ಯಾಸ್ಕೆಟ್ ಹೋದ ಕಾರಣ ಇಂಜಿನ್‌ನ ಹೆಡ್ ಬಿಚ್ಚಿಟ್ಟಿದೆ, ಗಾಡಿ ಚಾಲೂ ಆಗುವುದಿಲ್ಲ, ಆದ್ದರಿಂದ ನಾಲ್ಕೂ ಚಕ್ರ ನೆಲ ಬಿಟ್ಟು ಲಾರಿಯ ಮೇಲೆಯೇ ಬರಬೇಕು ಎಂದು ನಿಮ್ಮ ಸಿಬ್ಬಂದಿಗೆ ಬಿಡಿಸಿ ಹೇಳಿದ್ದೆ. ಅವರು ಕೊಟ್ಟ ರಸೀದಿಯಲ್ಲಿಯೂ ‘ಫ್ಲಾಟ್‌ಬೆಡ್’ ಎಂದೇ ಬರೆದಿದೆ. ಆದರೆ ಹುಬ್ಬಳ್ಳಿಯ ಮನೆ ಮುಂದೆ ಬಂದು ನಿಂತದ್ದು ಒಂದು ಪಿಕಪ್ ವಾಹನ ಮತ್ತು ಅದರ ಹಿಂದೆ ಕಟ್ಟಿದ್ದ ತ್ರಿಕೋನಾಕಾರದ ಟೋ ಬಾರ್. ಆ ಬಾರ್‌ನಲ್ಲಿಯೇ ಗಾಡಿಯನ್ನು ಸುಮಾರು 350 ಕಿಲೋಮೀಟರ್ ನೆಲದ ಮೇಲೆ ಉರುಳಿಸಿಕೊಂಡು ತಂದಿದ್ದೀರಿ. ಕಲಬುರಗಿ ತಲುಪುವ ಹೊತ್ತಿಗೆ ಅದರ ಗೇರ್‌ಬಾಕ್ಸ್ ಒಳಗಿಂದ ಸುಟ್ಟುಹೋಗಿತ್ತು.

ಈ ಬಗ್ಗೆ ದೂರವಾಣಿಯಲ್ಲಿ ಕೇಳಿದಾಗಲೂ, ಖುದ್ದಾಗಿ ಶಾಖೆಗೆ ಬಂದಾಗಲೂ ನನಗೆ ಸಿಕ್ಕ ಉತ್ತರ ಒಂದೇ: ಗಾಡಿ ಹಳೆಯದು, ಅದು ಮೊದಲೇ ಹಾಳಾಗಿತ್ತು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಇಂಜಿನ್ ಕೆಟ್ಟಿತ್ತೆಂಬುದು ನಿಜ, ಅದನ್ನು ನಾನೇ ಮೊದಲು ತಿಳಿಸಿದ್ದೇನೆ. ಗೇರ್‌ಬಾಕ್ಸ್ ಕೆಟ್ಟಿರಲಿಲ್ಲ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಮತ್ತು ಎರಡೂ ಡಿಫರೆನ್ಷಿಯಲ್‌ಗಳ (ಆಕ್ಸಲ್ ನಡುವಿನ ಗೇರುಗಳ) ಎಣ್ಣೆ ಬದಲಿಸಿ ಪರೀಕ್ಷಿಸಿದ ಹುಬ್ಬಳ್ಳಿಯ ಗ್ಯಾರೇಜಿನ ಬಿಲ್ಲು ನನ್ನ ಬಳಿ ಇದೆ. ಹಳೆಯ ಎಣ್ಣೆ ಇಳಿಸಿದಾಗ ಅದರಲ್ಲಿ ಲೋಹದ ಪುಡಿ ಇರಲಿಲ್ಲ ಎಂದು ಮೆಕ್ಯಾನಿಕ್ ಅದೇ ಬಿಲ್ಲಿನ ಕೆಳಗೆ ಬರೆದು ಸಹಿ ಮಾಡಿದ್ದಾರೆ.

ಹಾನಿ ಹೇಗಾಯಿತು ಎಂಬುದನ್ನು ಇಲ್ಲಿ ವಿವರವಾಗಿ ಬರೆಯಲೇಬೇಕಾಗಿದೆ, ಏಕೆಂದರೆ ‘ಗೇರ್ ನ್ಯೂಟ್ರಲ್‌ನಲ್ಲಿತ್ತು, ಇನ್ನೇನಾಗಲು ಸಾಧ್ಯ’ ಎಂದು ನಿಮ್ಮ ಮೇಲ್ವಿಚಾರಕರು ನನ್ನನ್ನೇ ಪ್ರಶ್ನಿಸಿದ್ದಾರೆ. ಇಂತಹ ಗೇರ್‌ಬಾಕ್ಸ್‌ನಲ್ಲಿ ಎಣ್ಣೆಯನ್ನು ಮೇಲೆತ್ತುವ ಪಂಪು ಇರುವುದಿಲ್ಲ. ಎಣ್ಣೆ ತಳದಲ್ಲಿ ನಿಂತಿರುತ್ತದೆ. ಕೆಳಗಿನ ಕೌಂಟರ್ ಶಾಫ್ಟ್‌ನ (ಗೇರುಗಳಿರುವ ಕೆಳ ದಂಡದ) ಹಲ್ಲುಗಳು ಆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತಾ ಅದನ್ನು ಮೇಲಿನ ಮೇನ್ ಶಾಫ್ಟ್ ಮತ್ತು ಬೇರಿಂಗ್‌ಗಳಿಗೆ ಚಿಮ್ಮಿಸುತ್ತವೆ. ಗೇರ್ ನ್ಯೂಟ್ರಲ್‌ನಲ್ಲಿರುವಾಗ ಕೌಂಟರ್ ಶಾಫ್ಟ್ ತಿರುಗಬೇಕಾದರೆ ಇಂಜಿನ್ ತಿರುಗಬೇಕು. ಗಾಡಿಯನ್ನು ಹಿಂದಿನ ಚಕ್ರಗಳು ನೆಲದಲ್ಲಿರುವಂತೆ ಎಳೆದಾಗ ಆಗುವುದು ಇದಕ್ಕೆ ತದ್ವಿರುದ್ಧ: ಚಕ್ರಗಳು ಪ್ರೊಪೆಲ್ಲರ್ ಶಾಫ್ಟನ್ನು (ಟ್ರಾನ್ಸ್‌ಫರ್ ಕೇಸ್‌ನಿಂದ ಚಕ್ರಗಳ ಕಡೆಗೆ ಹೋಗುವ ಉದ್ದ ದಂಡವನ್ನು) ತಿರುಗಿಸುತ್ತವೆ, ಟ್ರಾನ್ಸ್‌ಫರ್ ಲಿವರ್ ಟೂ ವೀಲ್ ಸ್ಥಾನದಲ್ಲಿದ್ದರೆ (ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುವ ಸ್ಥಾನ) ಆ ತಿರುಗುವಿಕೆ ಟ್ರಾನ್ಸ್‌ಫರ್ ಕೇಸ್ ದಾಟಿ ಗೇರ್‌ಬಾಕ್ಸ್‌ನ ಮೇನ್ ಶಾಫ್ಟಿನವರೆಗೂ ಹೋಗುತ್ತದೆ, ಆದರೆ ಇಂಜಿನ್ ನಿಂತಿರುವುದರಿಂದ ಕೌಂಟರ್ ಶಾಫ್ಟ್ ಅಲುಗುವುದಿಲ್ಲ. ಅಂದರೆ ಮೇಲಿನ ಶಾಫ್ಟ್ ಓಡುತ್ತಲೇ ಇರುತ್ತದೆ, ಎಣ್ಣೆ ತಳದಲ್ಲಿಯೇ ಕೂತಿರುತ್ತದೆ. ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ಎಳೆದರೆ ಶಾಫ್ಟಿಗೆ ಅಂಟಿಕೊಂಡ ಎಣ್ಣೆಯೇ ಸಾಕಾಗಬಹುದು. ಹುಬ್ಬಳ್ಳಿಯಿಂದ ವಿಜಯಪುರ, ಸಿಂದಗಿ, ಜೇವರ್ಗಿ ದಾಟಿ ಕಲಬುರಗಿಯವರೆಗೆ ಖಂಡಿತ ಸಾಲದು.

ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ಗೆ ಹಾಕಿದ್ದರೆ ಗೇರ್‌ಬಾಕ್ಸ್ ಉಳಿಯುತ್ತಿತ್ತು. ಆಗಲೂ ಟ್ರಾನ್ಸ್‌ಫರ್ ಕೇಸ್‌ನ ಹೊರಹೋಗುವ ಶಾಫ್ಟ್ ತಿರುಗುತ್ತಲೇ ಇರುತ್ತದೆಯಾದ್ದರಿಂದ, ದೂರದ ದಾರಿಯಲ್ಲಿ ನಡುನಡುವೆ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿ, ಒಳಗಿನ ಗೇರುಗಳಿಗೆ ಎಣ್ಣೆ ಹರಿಸುವ ಪದ್ಧತಿ ಇದೆ. ಹೆಡ್ ಬಿಚ್ಚಿದ ಇಂಜಿನ್‌ನಲ್ಲಿ ಅದು ಸಾಧ್ಯವಿರಲಿಲ್ಲ. ಆದ್ದರಿಂದ ಈ ಗಾಡಿಯನ್ನು ಟೋ ಬಾರ್‌ನಲ್ಲಿ ತರುವುದೇ ಆಗಿದ್ದರೆ ಇದ್ದ ನಂಬುವಂತಹ ದಾರಿ ಒಂದೇ: ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳ ಬೋಲ್ಟ್ ಬಿಚ್ಚಿ, ಅವನ್ನು ಪೂರ್ತಿ ಕಳಚಿ ಗಾಡಿಯ ಒಳಗೆ ಇಡುವುದು. ಒಂದು ಜ್ಯಾಕ್, ಒಂದೆರಡು ಪಾನಾ ಇದ್ದರೆ ಗ್ಯಾರೇಜಿನ ಹುಡುಗನೂ ಮಾಡಬಲ್ಲ ಕೆಲಸವಿದು.

ಇದನ್ನು ನಿಮ್ಮ ಚಾಲಕರಿಗೆ ಯಾರೂ ಹೇಳಲಿಲ್ಲ ಎನ್ನುವಂತಿಲ್ಲ. ಫ್ಲಾಟ್‌ಬೆಡ್ ಬಾರದಿರುವುದನ್ನು ಕಂಡು ನನ್ನ ಮಾವನವರ ಮಗ ಅಲ್ಲಿಂದಲೇ ನಿಮ್ಮ ಕಚೇರಿಗೆ ಫೋನ್ ಮಾಡಿ ಆಕ್ಷೇಪಿಸಿದ. ‘ನಮ್ಮ ಹುಡುಗರಿಗೆ ಎಲ್ಲಾ ಗೊತ್ತದರಿ, ನೀವು ಕಳಿಸಿರಿ’ ಎಂಬ ಭರವಸೆ ಸಿಕ್ಕಿತು. ಅಷ್ಟಕ್ಕೇ ಬಿಡದೆ ಅವನು ಎರಡೂ ಶಾಫ್ಟ್ ಕಳಚಿಯೇ ಎಳೆಯಬೇಕು ಎಂದು ಚೀಟಿ ಬರೆದು, ಅದನ್ನು ಹಸ್ತಾಂತರ ಪತ್ರಕ್ಕೆ ಪಿನ್ನು ಹಾಕಿ, ಚಾಲಕರ ಸಹಿ ಪಡೆದಿದ್ದಾನೆ. ‘ನ್ಯೂಟ್ರಲ್‌ನ್ಯಾಗ ಇಟ್ರ ಏನೂ ಆಗಂಗಿಲ್ರಿ, ಆದ್ರೂ ದಾರ್‍ಯಾಗ ಬಿಚ್ಚತೀನಿ’ ಎಂದು ಚಾಲಕರು ಹೇಳಿ ಹೊರಟರು. ಹೊರಡುವ ಮೊದಲು ತೆಗೆದ ಫೋಟೋಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್‌ನ ಬೋಲ್ಟ್‌ಗಳ ಮೇಲೆ ಗ್ಯಾರೇಜಿನವರು ಎಳೆದ ಹಳದಿ ಬಣ್ಣದ ಗೆರೆ ಕಾಣುತ್ತದೆ; ಕಲಬುರಗಿಯಲ್ಲಿ ಇಳಿಸಿಕೊಂಡಾಗ ತೆಗೆದ ಫೋಟೋಗಳಲ್ಲಿಯೂ ಆ ಗೆರೆ ಒಂದಿಷ್ಟೂ ಕದಲಿಲ್ಲ. ಟ್ರಾನ್ಸ್‌ಫರ್ ಲಿವರ್ ಟೂ ವೀಲ್ ಸ್ಥಾನದಲ್ಲಿಯೇ ಇತ್ತು. ಗೇರ್‌ಬಾಕ್ಸ್ ಹೌಸಿಂಗ್ ಮೇಲೆ ಕೈ ಇಡಲಾಗದಷ್ಟು ಕಾವು, ಗಾಡಿಯ ಸುತ್ತ ಸುಟ್ಟ ಎಣ್ಣೆಯ ವಾಸನೆ. ಇವೆಲ್ಲವನ್ನೂ ನಿಮ್ಮ ಚಾಲಕರ ಎದುರಿಗೇ ಹಸ್ತಾಂತರ ಪತ್ರದಲ್ಲಿ ದಾಖಲಿಸಿದ್ದೇನೆ.

ಕಪನೂರ ಕೈಗಾರಿಕಾ ಪ್ರದೇಶದ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿಸಿದಾಗ ಮೇನ್ ಶಾಫ್ಟ್‌ನ ಬೇರಿಂಗ್‌ಗಳು ಕಾದು ನೀಲಿಗಟ್ಟಿದ್ದವು, ಶಾಫ್ಟಿನ ಮೇಲೆ ಗೀರುಗಳೆದ್ದಿದ್ದವು. ಕೌಂಟರ್ ಶಾಫ್ಟ್ ಮತ್ತು ಅದರ ಬೇರಿಂಗ್‌ಗಳಿಗೆ ಯಾವ ಹಾನಿಯೂ ಆಗಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಿ. ಗೇರ್‌ಬಾಕ್ಸ್ ವಯಸ್ಸಾಗಿ ಸವೆದಿದ್ದರೆ ಎರಡೂ ಶಾಫ್ಟ್‌ಗಳ ಕಡೆ ಸವೆತ ಕಾಣಬೇಕಿತ್ತು. ತಿರುಗಿದ ಶಾಫ್ಟ್ ಸುಟ್ಟು, ನಿಂತ ಶಾಫ್ಟ್ ಉಳಿದಿರುವುದು ಎಳೆದು ತಂದ ರೀತಿಯಿಂದಲೇ ಆದ ಹಾನಿ.

ಬಾರ್ ಕಟ್ಟಿದ ರೀತಿಯೂ ಸರಿಯಿರಲಿಲ್ಲ. ಚಾಸಿಯ ಮುಂತುದಿಯಲ್ಲಿ ಎಳೆಯುವುದಕ್ಕೆಂದೇ ಗಟ್ಟಿ ಕೊಕ್ಕೆಗಳಿರುವಾಗ, ಕ್ಲ್ಯಾಂಪ್‌ಗಳನ್ನು ಬಂಪರಿಗೆ ಬಿಗಿಯಲಾಗಿತ್ತು. ದಾರಿಯಲ್ಲಿ ಎಡಗಡೆಯ ಕ್ಲ್ಯಾಂಪ್ ಜಾರಿ ಬಂಪರ್ ಮತ್ತು ಅದರ ಬ್ರ್ಯಾಕೆಟ್ ಮಣಿದಿವೆ. ಬಾರ್ ಕಳಚಿದರೆ ಗಾಡಿಯನ್ನು ಹಿಡಿದಿಡಲು ಇರಬೇಕಾದ ಸರಪಳಿ ಇರಲಿಲ್ಲ. ಎಳೆಸಿಕೊಳ್ಳುವ ವಾಹನದ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿರದಿದ್ದರೆ ಅದರ ಚಾಲಕನ ಆಸನದಲ್ಲಿ ಲೈಸೆನ್ಸ್ ಇರುವ ಒಬ್ಬರು ಕೂತಿರಬೇಕು, ಹಿಂಬದಿಯಲ್ಲಿ ‘ಆನ್ ಟೋ’ ಎಂಬ ಫಲಕ ಇರಬೇಕು ಎಂದು 1989ರ ರಸ್ತೆ ನಿಯಮಾವಳಿಯಲ್ಲಿಯೇ ಇತ್ತು. ಎಳೆಯುವ ವೇಗಕ್ಕೆ ಅದು ಗಂಟೆಗೆ 24 ಕಿಲೋಮೀಟರ್‌ನ ಮಿತಿ ಹಾಕಿತ್ತು. ಆ ವೇಗದಲ್ಲಿ ಈ ದಾರಿಗೆ ಹದಿನಾಲ್ಕು ಗಂಟೆಗೂ ಹೆಚ್ಚು ಬೇಕು. ರಾತ್ರಿ ಹತ್ತಕ್ಕೆ ಹುಬ್ಬಳ್ಳಿ ಬಿಟ್ಟ ನಿಮ್ಮ ವಾಹನ ಬೆಳಗಿನ ಆರಕ್ಕೆ ಕಲಬುರಗಿಯಲ್ಲಿತ್ತು. ನನ್ನ ಗಾಡಿಯಲ್ಲಿ ಯಾರೂ ಕೂತಿರಲಿಲ್ಲ, ಫಲಕ ಇರಲಿಲ್ಲ, ಹಿಂದಿನ ದೀಪಗಳಿಗೆ ವೈರ್ ಕೊಟ್ಟಿರಲಿಲ್ಲ. ಬ್ರೇಕ್ ಹಿಡಿಯುವವರಿಲ್ಲದ, ಸುಮಾರು ಒಂದು ಟನ್ ತೂಕದ ಗಾಡಿ ದೀಪವಿಲ್ಲದೆ ಕೊಲ್ಹಾರದ ಬಳಿ ಕೃಷ್ಣಾ ನದಿಯ ಉದ್ದ ಸೇತುವೆಯನ್ನು ನಡುರಾತ್ರಿ ದಾಟಿದೆ. ಹಿಂದೆ ಬರುತ್ತಿದ್ದ ಬೈಕ್ ಸವಾರರ ಜೀವದ ಬಗ್ಗೆ ಯೋಚಿಸಿದರೆ ನನ್ನ ಗೇರ್‌ಬಾಕ್ಸ್ ಸಣ್ಣ ವಿಷಯ. ಇದನ್ನು ದೂರಿಗೆ ಬಲ ಬರಲೆಂದು ಸೇರಿಸುತ್ತಿಲ್ಲ.

ನಾನು ಆಳಂದ ತಾಲ್ಲೂಕಿನ ತೊಗರಿ ಬೆಳೆಗಾರ. ನಮ್ಮ ಎರೆಭೂಮಿ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಸಾಮಾನ್ಯ ವಾಹನ ಇದ್ದಲ್ಲೇ ಹೂತುಕೊಳ್ಳುತ್ತದೆ. ಹಗುರವಾದ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಜಿಪ್ಸಿ ಅಂತಹ ಹೊಲದ ದಾರಿಯಲ್ಲಿ ಬೀಜ, ಗೊಬ್ಬರ, ಆಳುಗಳನ್ನು ಮುಟ್ಟಿಸುತ್ತದೆ ಎಂಬ ಕಾರಣಕ್ಕೇ ಅದನ್ನು ಕೊಂಡಿದ್ದು. ಬಿತ್ತನೆಯ ದಿನಗಳು ಅದಿಲ್ಲದೆ ಕಳೆದವು. ಹೊಸ ಜಿಪ್ಸಿಯ ತಯಾರಿಕೆ ನಿಂತು ವರ್ಷಗಳಾಗಿವೆ. ಮೇನ್ ಶಾಫ್ಟ್‌ನಂತಹ ಭಾಗಕ್ಕೆ ಊರೂರು ವಿಚಾರಿಸಬೇಕಾಗಿದೆ. ಹಳೆಯ ಗಾಡಿಯೆಂದರೆ ಹೇಗೆ ಎಳೆದರೂ ನಡೆಯುತ್ತದೆ ಎಂಬ ನಿಮ್ಮ ಸಿಬ್ಬಂದಿಯ ಭಾವನೆ ತಪ್ಪು: ಭಾಗ ಸಿಗದ ಗಾಡಿಯನ್ನೇ ಹೆಚ್ಚು ಜೋಪಾನವಾಗಿ ತರಬೇಕು.

ಆದ್ದರಿಂದ ಗೇರ್‌ಬಾಕ್ಸ್, ಬಂಪರ್ ಮತ್ತು ಬ್ರ್ಯಾಕೆಟ್ ದುರಸ್ತಿಯ ಪೂರ್ತಿ ವೆಚ್ಚವನ್ನು ನೀವು ಭರಿಸಬೇಕು, ಮತ್ತು ಫ್ಲಾಟ್‌ಬೆಡ್ ದರಕ್ಕೂ ಟೋ ಬಾರ್ ದರಕ್ಕೂ ಇರುವ ವ್ಯತ್ಯಾಸದ ಹಣವನ್ನು ಮರಳಿಸಬೇಕು. ಇದರ ಜೊತೆಗೆ, ಫೋರ್ ವೀಲ್ ಡ್ರೈವ್ ವಾಹನಗಳನ್ನು ಶಾಫ್ಟ್ ಕಳಚದೆ ದೂರಕ್ಕೆ ಎಳೆಯಬಾರದು, ಆಸನದಲ್ಲಿ ಚಾಲಕನಿಲ್ಲದೆ, ಸರಪಳಿ ಮತ್ತು ದೀಪವಿಲ್ಲದೆ ಹೆದ್ದಾರಿಗೆ ಇಳಿಯಬಾರದು ಎಂದು ನಿಮ್ಮ ಎಲ್ಲಾ ಚಾಲಕರಿಗೆ ಲಿಖಿತ ಸೂಚನೆ ಕೊಟ್ಟು ಅದರ ಪ್ರತಿಯನ್ನು ನನಗೆ ಕಳಿಸಬೇಕು. ಹಣದಷ್ಟೇ ಮುಖ್ಯವಾಗಿ ನಾನು ಇದನ್ನು ಕೇಳುತ್ತಿದ್ದೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯ ದೂರನ್ನು ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾಖಲಿಸುತ್ತೇನೆ. ದೂರುದಾರ ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ಒಪ್ಪಂದದ ಹಿಂಬದಿಯಲ್ಲಿ ನೀವು ಅಚ್ಚು ಹಾಕಿಸಿರುವ ‘ವಿವಾದಗಳು ಬೆಂಗಳೂರಿನಲ್ಲಿ ಮಾತ್ರ’ ಎಂಬ ಸಾಲು ನನ್ನನ್ನು ತಡೆಯುವುದಿಲ್ಲ.

ರಸೀದಿ, ಚಾಲಕರ ಸಹಿಯಿರುವ ಚೀಟಿ, ಹಸ್ತಾಂತರ ಪತ್ರ, ಹುಬ್ಬಳ್ಳಿಯ ಬಿಲ್ಲು, ಫೋಟೋಗಳು ಮತ್ತು ದುರಸ್ತಿಯ ಅಂದಾಜು ಪಟ್ಟಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ಬಿಚ್ಚಿದ ಗೇರ್‌ಬಾಕ್ಸ್ ಭಾಗಗಳನ್ನು ತೊಳೆಯದೆ ಗ್ಯಾರೇಜಿನಲ್ಲಿ ಹಾಗೆಯೇ ಇರಿಸಲಾಗಿದೆ. ನಿಮ್ಮ ಕಡೆಯ ಮೆಕ್ಯಾನಿಕ್ ಬಂದು ನೋಡುವುದಿದ್ದರೆ ಮೇಲೆ ಹೇಳಿದ ಅವಧಿಯೊಳಗೆ ಬರಲಿ, ನಂತರ ದುರಸ್ತಿ ಆರಂಭಿಸುತ್ತೇನೆ.

ಇಂತಿ,
ವಾಹನದ ಮಾಲೀಕ,
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ