ಗೋಡೆ ಮೇಲೊಂದು ಗೆರೆ ಎಳೆ

ಪ್ರೀತಿಯ ಪುಟ್ಟಿ,

ಪತ್ರ ಓದಿದೆ. ದಿನಾ ಅದೇ ಕೆಲಸ, ಅದೇ ದಾರಿ, ಇದರಲ್ಲಿ ಬರೆಯೋಕೆ ಏನಿದೆ ದೊಡ್ಡಮ್ಮ ಅಂತ ಕೇಳಿದ್ದೀಯ. ನಿನ್ನ ಬೇಜಾರು ಅರ್ಥವಾಗುತ್ತದೆ. ಆದರೆ ದಿನಗಳೆಲ್ಲ ಒಂದೇ ಥರ ಅನ್ನೋ ಮಾತನ್ನ ಮಾತ್ರ ಒಪ್ಪಲಾರೆ.

ಒಂದು ಕೆಲಸ ಮಾಡು. ಬೆಳಗ್ಗೆ ಎಂಟಕ್ಕೆ ಕಿಟಕಿ ಸರಳಿನ ನೆರಳು ಗೋಡೆ ಮೇಲೆ ಎಲ್ಲಿ ಬೀಳುತ್ತದೆ ನೋಡು. ಅಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದು ತಾರೀಖು ಬರಿ. ವಾರ ಬಿಟ್ಟು ಅದೇ ಹೊತ್ತಿಗೆ ನೋಡಿದರೆ ನೆರಳು ಗೆರೆಯಿಂದ ಸರಿದಿರುತ್ತದೆ. ಮಾರ್ಚ್, ಸೆಪ್ಟೆಂಬರಿನಲ್ಲಿ ಸೂರ್ಯ ಹುಟ್ಟುವ ಜಾಗ ದಿನದಿಂದ ದಿನಕ್ಕೆ ಜೋರಾಗಿ ಸರಿಯುತ್ತದೆ. ಜೂನ್ 21, ಡಿಸೆಂಬರ್ 21ರ ಆಸುಪಾಸಿನಲ್ಲಿ ನಿಂತೇ ಬಿಟ್ಟಿತೇನೋ ಅನ್ನಿಸುತ್ತದೆ. ಆಮೇಲೆ ವಾಪಸ್ ಹೊರಡುತ್ತದೆ. ಇಷ್ಟೆಲ್ಲ ನಿನ್ನ ಕೋಣೆಯಲ್ಲೇ ನಡೆಯುತ್ತಿದೆ. ಗೆರೆ ಇಲ್ಲದಿದ್ದರೆ ಗೊತ್ತಾಗುವುದಿಲ್ಲ, ಅಷ್ಟೇ. ಬರೆಯುವುದೂ ಆ ಗೆರೆ ಎಳೆದ ಹಾಗೇ.

ಕ್ಲೋದ್ ಮೊನೆ ಎಂಬ ಫ್ರೆಂಚ್ ಚಿತ್ರಕಾರ 1892-93ರಲ್ಲಿ ರುವಾನ್ ಎಂಬ ಊರಿನ ದೊಡ್ಡ ಚರ್ಚಿನ ಮುಂಭಾಗವನ್ನೇ ಇಟ್ಟುಕೊಂಡು 30ಕ್ಕೂ ಹೆಚ್ಚು ಚಿತ್ರ ಬರೆದ. ಎದುರಿನ ಕಟ್ಟಡದ ಕಿಟಕಿ ಹತ್ತಿರ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬಿಸಿಲು ಬದಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಕಲ್ಲಿನ ಚರ್ಚು ಎಲ್ಲಿಗೆ ಹೋಗುತ್ತೆ ಹೇಳು! ಆದರೂ ಒಂದರಲ್ಲಿ ಅದು ನೀಲಿ, ಇನ್ನೊಂದರಲ್ಲಿ ಬಂಗಾರದ ಬಣ್ಣ, ಮತ್ತೊಂದರಲ್ಲಿ ಮಂಜಿನಲ್ಲಿ ಅರ್ಧ ಮಾಯ.

ನನ್ನ ಕೈಯಲ್ಲಿ ಚಿತ್ರ ಬರೆಯೋಕಾಗಲ್ಲ ಅನ್ನಬೇಡ. ಮತೀಸ್ ಎಂಬ ಇನ್ನೊಬ್ಬ ಫ್ರೆಂಚ್ ಚಿತ್ರಕಾರನಿಗೆ 1941ರಲ್ಲಿ ದೊಡ್ಡ ಆಪರೇಷನ್ ಆಯಿತು. ಮೊದಲಿನ ಹಾಗೆ ನಿಂತು ಬಣ್ಣ ಹಚ್ಚುವುದು ಕಷ್ಟವಾದಾಗ ಅವನು ಕತ್ತರಿ ಹಿಡಿದ. ಬಣ್ಣ ಬಳಿದ ಕಾಗದ ಕತ್ತರಿಸಿಯೇ ದೊಡ್ಡ ದೊಡ್ಡ ಚಿತ್ರ ಮಾಡಿದ. ಕುಂಚವೋ, ಕತ್ತರಿಯೋ, ಹಾಡೋ, ಹೊಲಿಗೆಯೋ, ನಿನಗೆ ಒಗ್ಗಿದ್ದನ್ನು ಹಿಡಿ.

ದಿನಕ್ಕೆ ಮೂರು ಸಾಲು ಸಾಕು. ಹೊಸ ಪುಸ್ತಕ, ಒಳ್ಳೆ ಪೆನ್ನು ಅಂತ ಕಾಯಬೇಡ. ‘ಬೇಜಾರಾಯಿತು’ ಅಂತ ಬರೆಯುವ ಬದಲು ಆಗ ಕೈ ಏನು ಮಾಡುತ್ತಿತ್ತು, ಕಣ್ಣು ಎಲ್ಲಿತ್ತು ಅಂತ ಬರಿ. ಆರು ತಿಂಗಳು ಬಿಟ್ಟು ಓದಿದಾಗ ‘ಬೇಜಾರು’ ಅನ್ನೋದು ಏನನ್ನೂ ನೆನಪಿಗೆ ತರುವುದಿಲ್ಲ. ಉಗುರಿನಿಂದ ಮೇಜಿನ ಬಣ್ಣ ಕೆರೆಯುತ್ತಾ ಕೂತಿದ್ದೆ ಅಂತಿದ್ದರೆ ಇಡೀ ಮಧ್ಯಾಹ್ನ ನೆನಪಾಗುತ್ತದೆ. ಬರೆದದ್ದನ್ನು ಕೂಡಲೇ ಎಲ್ಲರಿಗೂ ತೋರಿಸಲೂ ಹೋಗಬೇಡ. ಲೈಕ್ ಎಣಿಸೋಕೆ ಶುರು ಮಾಡಿದರೆ ಕೈ ತಾನಾಗೇ ಬೇರೆಯವರಿಗೆ ಬೇಕಾದ್ದನ್ನು ಬರೆಯುತ್ತದೆ. ಇದು ನನ್ನ ಅಭಿಪ್ರಾಯ, ನೀನು ಜಗಳ ಆಡಬಹುದು.

ಮುಂದಿನ ಪತ್ರದ ಜೊತೆ ಒಂದು ಹಾಳೆ ಕಳಿಸು. ತಿದ್ದುವುದಿಲ್ಲ. ಸುಮ್ನೆ ಹೊಗಳುವುದೂ ಇಲ್ಲ, ಮೊದಲೇ ಹೇಳಿದ್ದೇನೆ.

ನಿನ್ನ ದೊಡ್ಡಮ್ಮ