ಪ್ರಾಗ್ ನೋಡಲು ಹಳೆ ಕಾಲದ ಕಾರೂ ಬೇಕು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಚೆಕ್ ದೇಶದ ರಾಜಧಾನಿ ಪ್ರಾಗ್ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಆ ಊರನ್ನು ನಡೆದೇ ನೋಡಬೇಕು, ಹಳೆ ಕಾಲದ ಕಾರಿನಲ್ಲಿ ಸುತ್ತುವುದೆಲ್ಲ ಫೋಟೊ ಹುಚ್ಚಿನವರಿಗೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಡೆಯಲು ಆಗುವವರು ನಡೆಯಲಿ. ಮಂಡಿ ನೋವಿರುವವರು ಏನು ಮಾಡಬೇಕು? ಮಕ್ಕಳ ಮನೆಗೆ ಅಂತಲೋ, ಪ್ಯಾಕೇಜ್ ಟೂರಿನಲ್ಲೋ ನಮ್ಮ ಕಡೆಯಿಂದ ಯುರೋಪಿಗೆ ಹೋಗುವ ಹಿರಿಯರು ಈಗ ಎಷ್ಟೊಂದು ಜನ ಇದ್ದಾರೆ ಅಲ್ವಾ?

ಪ್ರಾಗ್‌ನ ಹಳೆ ಊರಿನ ಬೀದಿಗಳಿಗೆಲ್ಲ ಸಣ್ಣ ಸಣ್ಣ ಚೌಕದ ಕಲ್ಲು ಹಾಸಿದ್ದಾರೆ. ಕಣ್ಣಿಗೆ ಚೆಂದ, ಕಾಲಿಗೆ ಕಷ್ಟ. ಕೋಟೆ ಇರುವುದು ವ್ಲ್ತಾವಾ ನದಿಯ ಆಚೆ, ಗುಡ್ಡದ ಮೇಲೆ. ನನ್ನ ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ, ಹಾಗಾಗಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸ್ವಲ್ಪ ದೂರ ನಡೆಯುವಷ್ಟರಲ್ಲೇ ಅಮ್ಮ, 'ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಕೂತಿರ್ತೀನಿ' ಅಂದರು. ಅಷ್ಟು ದೂರ ಹೋಗಿ ಬೆಂಚಿನ ಮೇಲೆ ಕೂತು ವಾಪಸ್ ಬರುವುದಾ?

ಮಾರನೇ ದಿನ ಕಾರು ಹತ್ತಿದೆವು. ಅಲ್ಲಿ ಎರಡು ಬಗೆ ಇವೆ. 1920-30ರ ದಶಕದ ಅಸಲಿ 'ಪ್ರಾಗಾ' ಕಾರುಗಳನ್ನು ಸರಿ ಮಾಡಿಸಿ ಓಡಿಸುವವರಿದ್ದಾರೆ. ಆ ಕಂಪನಿ 1907ರಲ್ಲಿ ಅದೇ ಊರಿನಲ್ಲಿ ಶುರುವಾದದ್ದು. ಇನ್ನೊಂದು, ಹಳೆಯದರ ಹಾಗೆ ಕಾಣಲಿ ಅಂತ ಈಚೆಗೆ ಕಟ್ಟಿದ ಗಾಡಿ. ನಮಗೆ ಸಿಕ್ಕಿದ್ದು ಇದು. ಮೇಲೆ ಟಾಪ್ ಇಲ್ಲ, ಹತ್ತಲು ಪಕ್ಕದಲ್ಲಿ ಅಗಲವಾದ ಫುಟ್‌ಬೋರ್ಡ್, ಚಳಿಗೆ ಮೊಣಕಾಲ ಮೇಲೆ ಹೊದೆಯಲು ಒಂದು ಕಂಬಳಿ. ಡ್ರೈವರೇ ಗೈಡ್, ಒಬ್ಬ ಹೆಣ್ಣುಮಗಳು. ಕಾರು ಅಸಲಿ ಅಲ್ಲ ಅಂತ ನನಗೆ ಚೂರೂ ಬೇಜಾರಾಗಲಿಲ್ಲ. ಆಕೆಗೆ ಊರಿನ ಕಥೆ ಗೊತ್ತಿತ್ತು, ಹೇಳುವ ಆಸೆಯೂ ಇತ್ತು.

ನದಿ ದಂಡೆಯ ನ್ಯಾಷನಲ್ ಥಿಯೇಟರ್ ಹತ್ತಿರ ಬಂದಾಗ ಆಕೆ ಹೇಳಿದ್ದನ್ನು ಕನ್ನಡದವರು ಕೇಳಲೇಬೇಕು. ಆಗ ಅಲ್ಲಿ ಆಸ್ಟ್ರಿಯಾ ಚಕ್ರವರ್ತಿಯ ಆಳ್ವಿಕೆ, ಜರ್ಮನ್ ಭಾಷೆಯದೇ ದರ್ಬಾರು. ನಮ್ಮ ಭಾಷೆಯ ನಾಟಕಕ್ಕೆ ನಮ್ಮದೇ ದೊಡ್ಡ ರಂಗಮಂದಿರ ಬೇಕು ಅಂತ ಚೆಕ್ ಜನ ಊರೂರಲ್ಲಿ ಚಂದಾ ಎತ್ತಿದರು. 1868ರಲ್ಲಿ ಅಡಿಗಲ್ಲು ಹಾಕಿ, 1881ರ ಜೂನ್‌ನಲ್ಲಿ ಬಾಗಿಲು ತೆರೆದರು. ಆಗಸ್ಟ್‌ನಲ್ಲಿ ಬೆಂಕಿ ಬಿತ್ತು. ಜನ ಕೈಕಟ್ಟಿ ಕೂರಲಿಲ್ಲ, ಒಂದೂವರೆ ತಿಂಗಳಲ್ಲೇ ಮತ್ತೆ ದುಡ್ಡು ಕೂಡಿಸಿದರು, 1883ರಲ್ಲಿ ಮತ್ತೆ ನಾಟಕ ಶುರು. ತಮ್ಮ ಇದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅಮ್ಮ ಮೈಸೂರು ಅರಮನೆಯ ಮಾತು ತೆಗೆದರು. 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿನಲ್ಲಿ ಮರದ ಅರಮನೆಗೆ ಬೆಂಕಿ ಬಿದ್ದದ್ದು, ಈಗಿನ ಅರಮನೆ ಎದ್ದು ನಿಲ್ಲಲು 1912ರವರೆಗೆ ಹಿಡಿದದ್ದು. ಡ್ರೈವರ್ ಗಾಡಿ ಪಕ್ಕಕ್ಕೆ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಹಿಂದಿನ ದಿನ ಬೆಂಚು ಹುಡುಕುತ್ತಿದ್ದ ಅಮ್ಮ ಅವತ್ತು ಮಾತು ನಿಲ್ಲಿಸಲೇ ಇಲ್ಲ.

ಹಳೆ ಊರಿನ ಚೌಕದ ಹತ್ತಿರ ಇಳಿಸಿ ನಾಲ್ಕು ಹೆಜ್ಜೆ ನಡೆಸಿದರು. ಟೌನ್ ಹಾಲ್ ಪಕ್ಕ ನೆಲದಲ್ಲಿ 27 ಬಿಳಿ ಶಿಲುಬೆ ಗುರುತುಗಳಿವೆ. ಚಕ್ರವರ್ತಿಯ ವಿರುದ್ಧ ದಂಗೆ ಎದ್ದು ಸೋತವರಲ್ಲಿ 27 ಜನರನ್ನು 1621ರಲ್ಲಿ ಅಲ್ಲೇ ಕೊಂದರು. 1410ರ ಖಗೋಳ ಗಡಿಯಾರ ನೋಡಲು ಎಲ್ಲರೂ ಕತ್ತು ಎತ್ತಿ ನಿಂತಿರುತ್ತಾರೆ, ಕಾಲ ಕೆಳಗಿನದನ್ನು ಹೇಳುವವರಿಲ್ಲದಿದ್ದರೆ ಅದರ ಮೇಲೇ ನಡೆದು ಹೋಗಿಬಿಡುತ್ತೇವೆ.

ಕಾರಿನಲ್ಲಿ ಆಗದ್ದೂ ಇದೆ. ಚಾರ್ಲ್ಸ್ ಸೇತುವೆ ಮೇಲೆ ಗಾಡಿ ಬಿಡುವುದಿಲ್ಲ, ಕೋಟೆಯ ಒಳಗೂ ನಡೆಯಲೇಬೇಕು. ಸುಮ್ನೆ ಹಾರ್ನ್ ಹೊಡೆದುಕೊಂಡು ಒಂದು ಸುತ್ತು ಹಾಕಿಸಿ ಇಳಿಸುವವರೂ ಇದ್ದಾರೆ. ಅದಕ್ಕೇ ದುಡ್ಡು ಕೊಡುವ ಮೊದಲು ಕೇಳಿ: ಗುಡ್ಡದ ಮೇಲೆ ಕರೆದುಕೊಂಡು ಹೋಗುತ್ತೀರಾ, ಎಲ್ಲೆಲ್ಲಿ ನಿಲ್ಲಿಸುತ್ತೀರಾ, ಗೈಡ್ ಬಾಯಿಬಿಟ್ಟು ಹೇಳುತ್ತಾರಾ ಅಥವಾ ರೆಕಾರ್ಡ್ ಹಾಕುತ್ತಾರಾ, ಮಳೆ ಬಂದರೆ ಏನು.

ಟೂರ್ ಕರೆದೊಯ್ಯುವ ನಮ್ಮ ಸಂಸ್ಥೆಗಳು ಹಿರಿಯರಿರುವ ಗುಂಪಿಗೆ ಇಂಥದ್ದೊಂದು ಸುತ್ತು ಸೇರಿಸಲಿ. ನಿಮ್ಮಲ್ಲೂ ಒಂದು ಕೋರಿಕೆ. ಪ್ರವಾಸ ಲೇಖನ ಹಾಕುವಾಗ ಎಷ್ಟು ನಡೆಯಬೇಕು, ಮೆಟ್ಟಿಲು ಎಲ್ಲೆಲ್ಲಿ, ನಡೆಯಲಾಗದವರಿಗೆ ಏನು ದಾರಿ ಎಂಬುದನ್ನೂ ಬರೆಸಿ. ನಮ್ಮಂಥ ಮನೆಗಳಲ್ಲಿ ಟಿಕೆಟ್ ಬುಕ್ ಮಾಡುವ ಮೊದಲು ನೋಡುವುದೇ ಅದನ್ನು.

ನಿಮ್ಮ ಓದುಗ,
ಮೈಸೂರು