ಫ್ಲೆಕ್ಸ್ ಹಾಕ್ಸಿದವ್ರಿಗೆ ಮತ್ತೆ ಏಣಿ ಹಿಡ್ಕೊಂಡು ನಿಂತವ್ರಿಗೆ

ಎಲ್ರಿಗೂ ನಮಸ್ಕಾರ. ಕೈಲ್‌ಪೊಳ್ದ್ ಹಬ್ಬಕ್ಕೆ ಬಂದ ನೆಂಟ್ರೆಲ್ಲ ವಾಪಸ್ ಹೋಗ್ಲಿ, ಆಮೇಲೆ ನಿಧಾನಕ್ಕೆ ಕೂತು ಬರೆಯೋಣ ಅಂದ್ಕೊಂಡಿದ್ದೆ, ಆದ್ರೆ ನಿನ್ನೆ ಸಿದ್ದಾಪುರ ಬಸ್ ಸ್ಟ್ಯಾಂಡ್ ಹತ್ರ ಆ ಫ್ಲೆಕ್ಸ್ ನೋಡಿದ್ಮೇಲೆ ತಡೀಲಿಲ್ಲ. "ಸಿಂಗಾಪುರದಲ್ಲಿ ಚಿನ್ನ ಗೆದ್ದ ಕೊಡಗಿನ ಸೊಸೆಗೆ ಅಭಿನಂದನೆಗಳು" ಅಂತೆ. ಫೋಟೋ ನಂದೇ, ನಾದಿನಿ ಮದುವೇದು. ಸೊಸೆ ಅನ್ನೋದೂ ನಿಜ, ಹುಣಸೂರು ಕಡೆಯಿಂದ ಇಲ್ಲಿಗೆ ಬಂದು 24 ವರ್ಷ ಆಯ್ತು. ಚಿನ್ನ ಮಾತ್ರ ಸುಳ್ಳು ಸ್ವಾಮಿ!

ನಾನು ಹೋಗಿದ್ದು ವಿಶ್ವ ಮಾಸ್ಟರ್ಸ್ ಈಜು ಚಾಂಪಿಯನ್‌ಶಿಪ್‌ಗೆ. 25 ವರ್ಷ ದಾಟಿದವ್ರು ಯಾರು ಬೇಕಾದ್ರೂ ಹೋಗಬಹುದು, ಕ್ವಾಲಿಫೈಯಿಂಗ್ ಟೈಮ್ ಇದ್ರೆ ಆಯ್ತು. ಐದೈದು ವರ್ಷಕ್ಕೆ ಒಂದು ಏಜ್ ಗ್ರೂಪ್, ಸೆಮಿಫೈನಲ್ ಫೈನಲ್ ಏನೂ ಇರಲ್ಲ, ಒಂದೇ ಸಲ ಈಜಬೇಕು, ಬಂದ ಟೈಮ್ ನೋಡಿ ರ‍್ಯಾಂಕ್ ಕೊಡ್ತಾರೆ ಅಷ್ಟೇ. ನಂಗಿನ್ನೂ 49, ಆದ್ರೆ ವಯಸ್ಸನ್ನ ಡಿಸೆಂಬರ್ 31ಕ್ಕೆ ಲೆಕ್ಕ ಹಾಕೋದ್ರಿಂದ 50–54ರ ಗುಂಪಿಗೆ ಹಾಕಿದ್ರು, ಅದೊಂದು ಬೇಜಾರು ಬೇರೆ. ನಂದು 50 ಮೀಟರ್ ಫ್ರೀಸ್ಟೈಲ್, 38.74 ಸೆಕೆಂಡ್. ಲಿಸ್ಟಲ್ಲಿ ನನ್ನ ಹೆಸರು ಹುಡುಕೋರು ಕೆಳಗಿಂದ ಶುರು ಮಾಡಿ, ಬೇಗ ಸಿಗುತ್ತೆ.

ನಿಜವಾದ ವಿಶ್ವ ಚಾಂಪಿಯನ್ನು ಯಾರು ಅಂದ್ರೆ ಆಸ್ಟ್ರೇಲಿಯಾದ ಮೆಗ್ ಹ್ಯಾರಿಸ್, ಅದೇ ಸಿಂಗಾಪುರದಲ್ಲಿ 2025ರ ಆಗಸ್ಟ್ 3ಕ್ಕೆ 24.02 ಸೆಕೆಂಡಲ್ಲಿ ಗೆದ್ದಳು. ಅವತ್ತು ನಮ್ಮಲ್ಲಿ ಕಕ್ಕಡ ಪದಿನೆಟ್ಟ್, ಅಂದ್ರೆ ಕಕ್ಕಡ ತಿಂಗಳ ಹದಿನೆಂಟನೇ ದಿನದ ಹಬ್ಬ. ಅತ್ತೆ ಮದ್ದು ಸೊಪ್ಪಿನ ಪಾಯಸ ಮಾಡಿದ್ರು, ನಾನು ಅದನ್ನ ತಿನ್ಕೊಂಡು ಫೋನಲ್ಲಿ ಆ ರೇಸ್ ನೋಡ್ತಾ ಕೂತಿದ್ದೆ. ಪಾಯಸ ತಿಂದ್ರೆ ಮೂತ್ರ ಕೆಂಪಗೆ ಬರುತ್ತೆ ಅಂತ ಕೊಡಗಲ್ಲಿ ಮಕ್ಕಳಿಗೂ ಗೊತ್ತು, ಅಲ್ಲಿ ಯಾರಾದ್ರೂ ಡೋಪ್ ಟೆಸ್ಟ್ ಅಂತ ಡಬ್ಬ ಕೊಟ್ರೆ ಏನಪ್ಪ ಹೇಳೋದು ಅಂತ ಫ್ಲೈಟ್ ಹತ್ತೋವರೆಗೂ ಮನಸ್ಸಲ್ಲೇ ಇಂಗ್ಲಿಷ್ ಪ್ರಾಕ್ಟೀಸ್ ಮಾಡ್ಕೊಂಡೆ. ಯಾರೂ ಕೇಳಲಿಲ್ಲ ಬಿಡಿ, ನನ್ನ ಟೈಮ್ ನೋಡಿದ್ರೇನೇ ಅವ್ರಿಗೆ ಗೊತ್ತಾಗಿರುತ್ತೆ. ಈ ಈವೆಂಟ್‌ನ ವಿಶ್ವ ದಾಖಲೆ ಸ್ವೀಡನ್ನಿನ ಸಾರಾ ಶೋಸ್ಟ್ರೋಮ್‌ದು, 2023ರಲ್ಲಿ ಫುಕುವೋಕಾದಲ್ಲಿ 23.61. ಆಯಮ್ಮ ಗೋಡೆ ಮುಟ್ಟೋ ಹೊತ್ತಿಗೆ ನಾನು ಮೂವತ್ತನೇ ಮೀಟರ್ ಹತ್ರ ಕೈಕಾಲು ಬಡೀತಾ ಇರ್ತೀನಿ.

ಈಗ ಥ್ಯಾಂಕ್ಸ್ ವಿಷಯಕ್ಕೆ ಬರ್ತೀನಿ.

ನಮ್ಮ ಕಾಫಿ ತೋಟದ ಕೆರೆ ಸ್ಪ್ರಿಂಕ್ಲರ್‌ಗೆ ಅಂತ ತೋಡಿಸಿದ್ದು, ಮೆಟ್ಟಿಲಿಂದ ಪಂಪ್‌ಹೌಸ್ ಗೋಡೆವರೆಗೆ ಹಗ್ಗ ಹಿಡಿದು ಅಳೆದ್ರೆ ಸರಿಯಾಗಿ 50 ಮೀಟರ್. ಮದುವೆ ಆಗಿ ಬಂದಾಗಿಂದ ಅದರಲ್ಲೇ ಈಜ್ತಿದ್ದೆ. 2019ರ ಆಗಸ್ಟಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಮನೆಗಳ ಒಳಗೆ ನುಗ್ಗಿದ್ದು ನಿಮಗೆಲ್ಲ ನೆನಪಿರುತ್ತೆ, ಅದೇ ಮಳೆಗೆ ನಮ್ಮ ಕೆರೆ ಏರಿನೂ ಒಂದು ಕಡೆ ಒಡೀತು. ಅದಾದ್ಮೇಲೆ ಮೂರು ವರ್ಷ ನಾನು ನೀರಿಗೆ ಇಳೀಲಿಲ್ಲ. ಮಳೆಗಾಲದಲ್ಲಿ ಹೊಳೆ ಸದ್ದು ಕೇಳಿಸಿದ್ರೆ ಕಿಟಕಿ ಹಾಕ್ಕೋತಿದ್ದೆ. ಈಜು ಬಿಟ್ಟೆ ಅಂತ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಕೇಳಿದ್ದು ನಮ್ಮ ಲೈನ್ ಮನೇಲಿ, ಅಂದ್ರೆ ತೋಟದ ಕೆಲಸದವ್ರ ಸಾಲು ಮನೇಲಿ ಇರೋ ಅಕ್ಕ. ಅವ್ರ ಮನೆ ಹೋಗಿದ್ದೇ ಆ ನೆರೆಗೆ, ಆಮೇಲೇ ನಮ್ಮ ತೋಟಕ್ಕೆ ಕೆಲಸಕ್ಕೆ ಬಂದಿದ್ದು. ನೀರು ಅಂದ್ರೆ ಅವ್ರಿಗೆ ಇವತ್ತಿಗೂ ಆಗಲ್ಲ. ಒಂದಿನ ಕರಿಮೆಣಸು ಕೊಯ್ತಾ ಏಣಿ ಮೇಲಿಂದಾನೇ "ಅಮ್ಮ, ನೀವು ಮೊದ್ಲು ಈಜ್ತಿದ್ರಂತೆ, ಈಗ ಯಾಕೆ ಇಲ್ಲ" ಅಂದ್ರು. ಭಯ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ನಾನು ಮೇಲೆ ನಿಂತ್ಕೋತೀನಿ, ನೀವು ಇಳೀರಿ" ಅಂದ್ರು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಬಂದೇ ಬಿಟ್ರು, ಹೆಗಲ ಮೇಲೆ ಮೆಣಸು ಕೊಯ್ಯೋ ಒಂಟಿ ಬಿದಿರಿನ ಏಣಿ, ನಾನು ಮುಳುಗಿದ್ರೆ ಚಾಚೋಕೆ. ಅವತ್ತಿಂದ ಈ ಮಳೆಗಾಲದವರೆಗೆ ನಾನು ಕೆರೆಗೆ ಇಳಿದಾಗೆಲ್ಲ ಆ ಏಣಿ ನನ್ನ ಜೊತೆಜೊತೆಗೇ ಏರಿ ಮೇಲೆ ನಡ್ಕೊಂಡು ಬಂದಿದೆ.

ಟೈಮ್ ನೋಡೋದೂ ಅವ್ರೇ, ಫೋನಲ್ಲಿ ಸ್ಟಾಪ್‌ವಾಚ್ ಒತ್ತೋದು ಹೇಳ್ಕೊಟ್ಟಿದ್ದೆ. ದಿನಾ 36, 36 ಅಂತಾನೇ ಬರ್ತಿತ್ತು, ನಾನು ಖುಷೀಲಿ ಹಾರಾಡ್ತಿದ್ದೆ, ಮೈಸೂರಿಗೆ ಹೋಗಿ ಸರಿಯಾದ ಪೂಲಲ್ಲಿ ನೋಡಿದ್ರೆ 41! ಆಮೇಲೆ ಗೊತ್ತಾಗಿದ್ದು ಏನಂದ್ರೆ, ನಾನು ಗೋಡೆ ಮುಟ್ಟೋಕೆ ಇನ್ನೂ ಐದಾರು ಮೀಟರ್ ಇರುವಾಗ್ಲೇ ಒತ್ತಿಬಿಡೋರು. ಯಾಕಕ್ಕ ಅಂದ್ರೆ "ನೀವು ಬಂದ್ರಿ ಅಂತ ಗೊತ್ತಾಯ್ತಲ್ಲ, ಸಾಕು" ಅಂದ್ರು. ಏನು ಹೇಳ್ತೀರ ಇದಕ್ಕೆ.

ಆನೆ ಗ್ರೂಪಿನವ್ರಿಗೂ ಥ್ಯಾಂಕ್ಸ್, ಆನೆ ಬಂದ್ರೆ ಓಡೋಡಿ ಬರೋ ಅರಣ್ಯ ಇಲಾಖೆಯ ಆರ್‌ಆರ್‌ಟಿ (ರ‍್ಯಾಪಿಡ್ ರೆಸ್ಪಾನ್ಸ್ ಟೀಮ್) ಹುಡುಗ್ರಿಗೂ. ಯಾವ ತೋಟದಲ್ಲಿ ಎಷ್ಟು ಆನೆ ಅಂತ ಬೆಳಿಗ್ಗೆ ಮೆಸೇಜ್ ಬಂದ್ಮೇಲೇನೇ ನನ್ನ ಪ್ರಾಕ್ಟೀಸು, ಯಾಕಂದ್ರೆ ಆ ಕೆರೆ ನಂಗಿಂತ ಮೊದ್ಲು ಅವುಗಳದ್ದು. ಏರಿ ಮೇಲೆ ಹಸಿ ಲದ್ದಿ ಕಂಡ್ರೆ ಅವತ್ತು ರಜೆ.

ನಮ್ಮ ಯಜಮಾನ್ರಿಗೆ ಥ್ಯಾಂಕ್ಸ್ ಹೇಳೋದಾ ಬೇಡ್ವಾ ಅಂತ ಯೋಚ್ನೆ ಮಾಡ್ದೆ. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಅರಳೋಕೆ ಹೂವಿನ ನೀರು, ಆಮೇಲೆ ಬ್ಯಾಕಿಂಗ್ ಅನ್ನೋ ಎರಡನೇ ನೀರು ಅಂತ ಪಂಪ್ ಹಾಕಿ ಕೆರೇನ ಮೊಣಕಾಲುದ್ದಕ್ಕೆ ಇಳಿಸಿಬಿಟ್ರು, ಕೇಳಿದ್ರೆ ಹೂ ಕಾಯುತ್ತಾ ಅಂತಾರೆ. ಆದ್ರೆ ಟಿಕೆಟ್ ದುಡ್ಡು ಬಂದಿದ್ದೂ ಅದೇ ರೋಬಸ್ಟಾ ಕಾಫಿಯಿಂದ, ರೇಟ್ ಚೆನ್ನಾಗಿತ್ತು, ಹಾಗಾಗಿ ಥ್ಯಾಂಕ್ಸ್. ಆ ಎರಡು ತಿಂಗಳು ಗೋಣಿಕೊಪ್ಪ ಕಡೆಯ ಒಂದು ಸ್ಕೂಲಿನ ಪಿಟಿ ಮೇಷ್ಟ್ರು ಮಕ್ಕಳು ಬರೋಕೆ ಮುಂಚೆ ಅವ್ರ ಪೂಲಿಗೆ ಬಿಟ್ಕೊಂಡ್ರು, ಅವ್ರಿಗೆ ನಾನು ಕೊಟ್ಟಿದ್ದು ಎರಡು ಬಾಟ್ಲಿ ಜೇನು ಅಷ್ಟೇ.

ಮೈಸೂರು ಸರಸ್ವತಿಪುರಂ ಪೂಲಲ್ಲಿ ಸಿಕ್ಕಿದ ಕೋಚ್ ಸರ್‌ಗೆ ದೊಡ್ಡ ನಮಸ್ಕಾರ. ಕೆರೇಲಿ ಹಾವು ಕಪ್ಪೆ ನೋಡ್ಕೊಂಡು ಈಜಿ ಈಜಿ ನಂಗೆ ತಲೆ ಎತ್ತೋ ಚಾಳಿ. "ಮೇಡಂ, ತಲೆ ಎದ್ರೆ ಸೊಂಟ ಮುಳುಗುತ್ತೆ, ಸೊಂಟ ಮುಳುಗಿದ್ರೆ ಬ್ರೇಕ್ ಮೇಲೆ ಕಾಲಿಟ್ಟು ಗಾಡಿ ಓಡಿಸಿದ ಹಾಗೆ" ಅಂದ್ರು. ಉಸಿರೂ ಅಷ್ಟೇ, ದೊಡ್ಡ ಸ್ಪ್ರಿಂಟರ್‌ಗಳು 50 ಮೀಟರ್‌ಗೆ ಒಂದು ಸಲ ತಗೊಂಡ್ರೆ ಹೆಚ್ಚು, ನಂಗೆ ಎರಡಕ್ಕೆ ಪರ್ಮಿಷನ್ ಕೊಟ್ಟಿದ್ರು. ನಮ್ಮ ಶಿಖಾ ಟಂಡನ್ 2004ರ ಅಥೆನ್ಸ್ ಒಲಿಂಪಿಕ್ಸಲ್ಲಿ 50, 100 ಎರಡೂ ಈಜಿದವ್ರು, ಬೆಂಗಳೂರಿನವ್ರು, ಅವ್ರ ಬಗ್ಗೆ ಹೇಳಿ ಹೇಳಿ ನಂಗೆ ನಾಚಿಕೆ ಆಗೋ ಹಾಗೆ ಮಾಡೋರು.

ಅಲ್ಲಿ ಏನಾಯ್ತು ಅಂದ್ರೆ, ಉದ್ದದ ವಿಸಿಲ್ ಊದಿದ್ರು, ಬ್ಲಾಕ್ ಹತ್ತಿದೆ. ಹಿಂದಿನ ಕಾಲಿಗೆ ಒರಗೋಕೆ ಇಳಿಜಾರು ಹಲಗೆ ಇರುತ್ತಲ್ಲ, ನಮ್ಮ ಕೆರೆ ಮೆಟ್ಟಿಲಲ್ಲಿ ಅದೆಲ್ಲ ಎಲ್ಲಿಂದ ಬರಬೇಕು. ಬೀಪ್ ಆಯ್ತು, ಹಾರಿದೆ, ಎಡಗಡೆ ಗಾಗಲ್ಸಲ್ಲಿ ನೀರು ತುಂಬ್ಕೊಂಡಿತು. ಒಂದು ಕಣ್ಣಲ್ಲಿ ತಳದ ಕಪ್ಪು ಗೆರೆ ಹಿಡ್ಕೊಂಡು ಹೊಡೆದೆ ಹೊಡೆದೆ, ಎರಡು ಉಸಿರು ಅಂದ್ಕೊಂಡಿದ್ದು ಐದಾಯ್ತು. ನಾಲ್ಕನೇ ಸಲ ಬಾಯಿ ತೆಗೆಯೋಕೆ ತಲೆ ತಿರುಗಿಸಿದಾಗ ಅಭ್ಯಾಸಬಲದಿಂದ ದಡದ ಮೇಲೆ ಏಣಿ ಹುಡುಕಿದೆ. ಕೆಂಪು ಟೀಶರ್ಟ್ ಹಾಕಿದ್ದ ಯಾರೋ ಇದ್ರು.

ವಾಪಸ್ ಬಂದು ಅಕ್ಕಂಗೆ ಎಲ್ಲ ಹೇಳಿದೆ. ಟೈಮೂ ಕೇಳಲಿಲ್ಲ, ರ‍್ಯಾಂಕೂ ಕೇಳಲಿಲ್ಲ. "ಎಷ್ಟು ಆಳ ಇತ್ತು" ಅಂದ್ರು. ಎರಡಾಳಿಗಿಂತ ಕಮ್ಮಿ ಇರಲಿಲ್ಲ ಅಂದೆ. "ಅಲ್ಲಿ ಏಣಿ ಇಟ್ಟಿದ್ರಾ?" ಅಂದ್ರು.

ಫ್ಲೆಕ್ಸ್ ಹಾಕ್ಸಿದ ಹುಡುಗ್ರೇ, ನಿಮ್ಮ ಪ್ರೀತಿ ದೊಡ್ಡದು, ಬೈತಿಲ್ಲ. ಆದ್ರೆ ಈ ವಾರದೊಳಗೆ ಅದನ್ನ ಇಳಿಸಿಬಿಡಿ. ಹರೀಬೇಡಿ, ಬಿಸಾಕಲೂ ಬೇಡಿ, ಹಾಗೇ ಮಡಚಿ ತೋಟಕ್ಕೆ ಕಳ್ಸಿ, ಕಣದಲ್ಲಿ ಕಾಫಿ ಒಣಗಿಸುವಾಗ ಮಳೆ ಬಂದ್ರೆ ಮುಚ್ಚೋಕೆ ಬೇಕು. ಚಿನ್ನ ಅಂತ ಬರೆದಿರೋ ಕಡೆ ಕೆಳಗೆ ಮಾಡಿ ಹಾಸ್ಕೋತೀವಿ.